ಮಡುವಿಗೆ ಮಾಡಿದ ಮರ್ಯಾದೆ

ಹಿರೇಮಡು, ತಾ. ಮುದ್ದೇಬಿಹಾಳ
೨೨ ಆಗಸ್ಟ್ ೧೯೭೭

ತಮ್ಮ ಶ್ರೀಶೈಲಪ್ಪನಿಗೆ ಅಕ್ಕ ಸಿದ್ದವ್ವ ಬರೆಯುವುದು. ಆಶೀರ್ವಾದ ಇದ್ದೇ ಇದೆ, ಪ್ರತಿ ಕಾಗದದಲ್ಲೂ ಅದನ್ನು ಹುಡುಕಬೇಡ.

ಪಂಚಮಿಗೆ ನನ್ನನ್ನು ಕರೆಯಲು ನೀನು ಬರಲಿಲ್ಲ. ಅಂಗಡಿಯ ಆಳಿಗೆ ಜೀಪು ಕೊಟ್ಟು ಕಳಿಸಿದೆ. ಅವನಿಗೆ ಚಹಾ ಕುಡಿಸಿ ಖಾಲಿ ಜೀಪಿನಲ್ಲೇ ತಿರುಗಿ ಕಳಿಸಿದ್ದೇನೆ. "ಯಾಕ ಬರೂದಿಲ್ರೆವ್ವಾ? ಸಾವ್ಕಾರ್ರು ಸಿಟ್ಟಾಗ್ತಾರ್ರಿ" ಎಂದ. "ಆಗ್ಲಿ ಬಿಡಪ್ಪ. ಸಿಟ್ಟಾದ್ರ ಎರಡ ದಿನ ಮಾತು ಕಡಿಮಿ ಆಡ್ತಾನ, ಬಾಗೇವಾಡಿಗೆ ಒಳ್ಳೇದಾಗ್ತೈತಿ" ಎಂದೆ. ಪಾಪ, ಅವನು ಇದನ್ನು ನಿನಗೆ ಹೇಳಿರಲಿಕ್ಕಿಲ್ಲ. ಅದಕ್ಕೆ ನಾನೇ ಬರೆದೆ.

ಬರದಿದ್ದುದಕ್ಕೆ ಕಾರಣವಿದೆ. ಹಬ್ಬದ ಹಿಂದಿನ ದಿನ ನಮ್ಮ ಮಡುವಿನಲ್ಲಿ ಮೀನು ಸತ್ತು ತೇಲಿದವು. ಮೀಸೆ ಮೂಡುವ ಮುಂಚೆ ನೀನು ನಮ್ಮಲ್ಲಿಗೆ ಬಂದರೆ ದಿನವಿಡೀ ಆ ಮಡುವಿನ ದಂಡೆಯಲ್ಲಿ ಕೂತು ಮೀನಿಗೆ ರೊಟ್ಟಿಯ ಚೂರು ಹಾಕುತ್ತಿದ್ದೆ. ಅಂಗಡಿ ಇಟ್ಟ ಮೇಲೆ ನಿನಗೆ ನೆನಪು ಕಡಿಮೆಯಾಗಿದೆ, ಹೀಗಾಗಿ ಇನ್ನೊಮ್ಮೆ ಹೇಳುತ್ತೇನೆ. ಡೋಣಿ ಹೊಳೆ ನಮ್ಮ ಊರ ಬಳಿ ತಿರುಗುವಲ್ಲಿ ಇರುವ ಈ ಮಡು ಬೇಸಿಗೆಯಲ್ಲೂ ಬತ್ತುವುದಿಲ್ಲ. ಇದರಲ್ಲಿ ಯಾರೂ ಬಲೆ ಇಳಿಸುವಂತಿಲ್ಲ. ಕಾಯುವ ಕೆಲಸ ನನ್ನ ಗಂಡನ ಮನೆತನದ್ದು. ಹೊಳೆ ಏರಿದಾಗ ಮಡುವಿನಿಂದ ಹೊರಬಿದ್ದ ಮೀನು ಕೆಳಗಿನ ತೆಳುನೀರಿಗೆ ಹೋಗುತ್ತವೆ. ಅವನ್ನು ಹಿಡಿದು ಯಾಕೂಬಸಾಬನ ಮನೆ ನಡೆಯುತ್ತದೆ. ಮಡುವಿನಲ್ಲಿ ಮೀನು ಇದ್ದರೆ ಹೊಳೆಯಲ್ಲಿ ಮೀನು, ಇಲ್ಲಿ ಇಲ್ಲದಿದ್ದರೆ ಎಲ್ಲಿಯೂ ಇಲ್ಲ.

ಈ ಸಲ ಸಣ್ಣವು ಹೋದವು, ದೊಡ್ಡವು ಉಳಿದಿವೆ. ಯಾಕೆ ಎಂದು ಕೇಳಲು ಪಂಚಾಂಗದ ಅಯ್ಯನ ಹತ್ತಿರ ಹೋಗಬೇಕಿಲ್ಲ. ಮೇಲಿನ ದಂಡೆಯಲ್ಲಿ ನೀನು, ನಿನ್ನ ಗೆಳೆಯರು ಹೈಬ್ರಿಡ್ ಹತ್ತಿ ಹಾಕಿದ್ದೀರಿ. ಹುಳ ಕಂಡಾಗಲೂ ಎಂಡ್ರಿನ್ ಎಣ್ಣೆ ಹೊಡೆಯುತ್ತೀರಿ, ಕಾಣದಿದ್ದಾಗಲೂ ಹೊಡೆಯುತ್ತೀರಿ. ಹೊಡೆದ ಪಂಪನ್ನು ತಂದು ಹೊಳೆಯಲ್ಲಿ ತೊಳೆಯುತ್ತೀರಿ. ಆ ವಿಷ ಮಾರುವವನು ನೀನು. ಮಾರುವಾಗ ಮೈಮೇಲೆ ಬಿಳಿ ಅಂಗಿ ಇರುತ್ತದೆ ಎಂದು ಕೇಳಿದ್ದೇನೆ.

ಹತ್ತಿ ಬೆಳೆಯಬೇಡ ಎಂದು ನಾನು ಹೇಳುತ್ತಿಲ್ಲ. ಪಂಪನ್ನು ಹೊಳೆಯಲ್ಲಿ ತೊಳೆಯಬೇಡಿ. ದಂಡೆಗೆ ಹತ್ತಿದ ಸಾಲುಗಳಿಗೆ ಎಣ್ಣೆ ಹೊಡೆಯಬೇಡಿ. ಇಷ್ಟೇ. ನಿನಗೆ ತಿಳಿಯದಿದ್ದರೆ ಲಕ್ಕವ್ವನಿಗೆ ಓದಿ ಹೇಳು. ನಿನ್ನ ಹೆಂಡತಿಗೆ ನಿನಗಿಂತ ಬೇಗ ತಿಳಿಯುತ್ತದೆ.

ಸಿದ್ದವ್ವ


ಬಸವನ ಬಾಗೇವಾಡಿ
೩೦ ಆಗಸ್ಟ್ ೧೯೭೭

ಅಕ್ಕನ ಪಾದಕ್ಕೆ ಶ್ರೀಶೈಲಪ್ಪನ ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ. ಅಲ್ಲಿಯ ಮೀನುಗಳ ಆರೋಗ್ಯಕ್ಕೆ ಬರೆಯುತ್ತಿರು.

ನಿನ್ನ ಕಾಗದ ಅಂಗಡಿಗೆ ಬಂತು. ನಾಲ್ಕು ಜನ ಕೂತಾಗ ಒಡೆದು ಗಟ್ಟಿಯಾಗಿ ಓದಿದೆ, ಅದು ನನ್ನ ದಡ್ಡತನ. ಲಿಂಗ ಕಟ್ಟಿದ ಮನೆತನದ ಮಗಳು ಮೀನಿಗಾಗಿ ತವರಿನ ಪಂಚಮಿ ಬಿಟ್ಟಳು ಎಂದು ನಕ್ಕು ನಕ್ಕು ಅವರ ಹೊಟ್ಟೆ ಹುಣ್ಣಾಯಿತು. ಅವರಲ್ಲಿ ದಂಡೆಯ ಹತ್ತಿ ಬೆಳೆಗಾರ ಸೋಮನಿಂಗ ಕೇಳಿದ: "ಸಾವ್ಕಾರ್ರ, ಅಕ್ಕಾರು ಸಾರು ಮಾಡೂದೂ ಕಲ್ತಾರೇನ್ರಿ?" ನಾನೂ ನಗಬೇಕಾಯಿತು, ಅಂಗಡಿಯಲ್ಲಿ ಕೂತವನು ಗಿರಾಕಿಯ ಸಂಗಡ ನಗದಿದ್ದರೆ ಹೇಗೆ?

ಈ ಎಣ್ಣೆಯ ವಿಷಯ ನಿನಗೆ ತಿಳಿಯದು. ಸಿಂದಗಿಯಲ್ಲಿ ಸಭೆ ಆದಾಗ ಔಷಧ ಕಂಪನಿಯವರು ಬಂದು ಎರಡು ತಾಸು ತಿಳಿಸಿ ಹೇಳಿದರು. ಇದು ಹುಳಕ್ಕಾಗಿ ಮಾಡಿದ್ದು. ಯಾವುದು ಹುಳ, ಯಾವುದು ಅಲ್ಲ ಎಂದು ಅದಕ್ಕೆ ಗೊತ್ತಿರುತ್ತದೆ. ಮಳೆಗಾಲದಲ್ಲಿ ನೀರು ಕೆಸರಾದಾಗ ಮೀನು ಮೊದಲಿನಿಂದಲೂ ಸಾಯುತ್ತವೆ. ಆಗ ನನ್ನ ಅಂಗಡಿ ಇರಲಿಲ್ಲವಾದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಿನ್ನ ಸಿಟ್ಟಿನ ಮೂಲ ನನಗೆ ಗೊತ್ತಿದೆ ಅಕ್ಕ. ಅಂಗಡಿಯ ಉದ್ಘಾಟನೆಯ ದಿನ ಎಲ್ಲ ಹಿರಿಯರಿಗೂ ರುಮಾಲು ಸುತ್ತಿ ಮರ್ಯಾದೆ ಮಾಡಿದೆ, ನಿನ್ನ ಯಜಮಾನರನ್ನು, ನಮ್ಮ ಮಾವನವರನ್ನೇ, ಮರೆತೆ. ಅವರು ಮೂಲೆಯಲ್ಲಿ ಕೂತಿದ್ದರು, ಕಾಣಲಿಲ್ಲ. ಮೀನಿನ ನೆಪ ಯಾಕೆ? ಅದನ್ನೇ ನೇರವಾಗಿ ಹೇಳಬಾರದೆ?

ನಿನ್ನ ಶ್ರೀಶೈಲ


ಹಿರೇಮಡು
೯ ಸೆಪ್ಟೆಂಬರ್ ೧೯೭೭

ಶ್ರೀಶೈಲಪ್ಪ,

ರುಮಾಲು! ನಿನ್ನ ಮಾವ ಪರಪ್ಪನವರು ಮೂಲೆಯಲ್ಲಿ ಕೂತದ್ದು ಅಲ್ಲಿ ಗಾಳಿ ಚೆನ್ನಾಗಿತ್ತು ಎಂದು. ಅವರಿಗೆ ರುಮಾಲು ಸುತ್ತಿದ್ದರೆ ಮನೆಗೆ ಬಂದು ಅದರಲ್ಲಿ ಕಡಲೆ ಕಟ್ಟಿಡುತ್ತಿದ್ದರು. ನಾನು ಮುಲ್ಕಿ ಪರೀಕ್ಷೆ ಪಾಸಾದವಳು, ನೀನು ಮೂರು ಸಲ ಕೂತವನು. ನಾನು ಮೀನು ಎಂದು ಬರೆದರೆ ಮೀನು ಎಂದೇ ಓದು.

ಮೀನು ತಿನ್ನದವಳಿಗೆ ಮೀನಿನ ಉಸಾಬರಿ ಯಾಕೆ ಎಂದು ನಿನ್ನ ಗಿರಾಕಿಗಳು ನಕ್ಕರಲ್ಲ, ಅವರಿಗೆ ಹೇಳು: ಊರವರು ಮಡುವಿನ ಕಾವಲನ್ನು ಲಿಂಗ ಕಟ್ಟಿದ ಮನೆಗೆ ಕೊಟ್ಟದ್ದೇ ಅದಕ್ಕೆ. ಹಾಲಿನ ಗಡಿಗೆ ಕಾಯಲು ಬೆಕ್ಕನ್ನು ಯಾರೂ ಕೂಡಿಸುವುದಿಲ್ಲ.

ಎಣ್ಣೆಗೆ ಎಲ್ಲ ಗೊತ್ತಿರುತ್ತದೆ ಎಂದು ಬರೆದಿದ್ದೀಯ. ಮಾರುವವನಿಗೇ ಗೊತ್ತಿಲ್ಲದ್ದು ಎಣ್ಣೆಗೆ ಹೇಗೆ ಗೊತ್ತಾಯಿತು? ಕಂಪನಿಯವನು ಎರಡು ತಾಸು ಮಾತಾಡಿದನಂತೆ. ಎರಡು ತಾಸು ಕೇಳಿಯೂ ಪಂಪು ಎಲ್ಲಿ ತೊಳೆಯಬೇಕು ಎಂದು ಒಬ್ಬರೂ ಕೇಳಲಿಲ್ಲ. ಊಟ ಯಾವಾಗ ಎಂದು ಮಾತ್ರ ಕೇಳಿರುತ್ತೀರಿ.

ನಿನ್ನೆ ಹೊಳೆಯ ದಂಡೆ ಹಿಡಿದು ನಾನೇ ಮೇಲಕ್ಕೆ ನಡೆದು ಹೋದೆ. ಹೊಳೆ ದಾಟುವ ಜಾಗದಲ್ಲಿ ನಿನ್ನ ಸೋಮನಿಂಗ ಮೊಳಕಾಲುದ್ದ ನೀರಿನಲ್ಲಿ ನಿಂತು ಪಂಪು ತೊಳೆಯುತ್ತಿದ್ದ. ನೀರು ಹಾಲಿನ ಹಾಗೆ ಬೆಳ್ಳಗಾಗಿ ಕೆಳಗೆ ಹೋಗುತ್ತಿತ್ತು.

"ಇಲ್ಲಿ ತೊಳೀಬ್ಯಾಡೋ" ಎಂದೆ.

"ಹರಿಯೋ ನೀರಿಗೆ ಮೈಲಿಗಿ ಇಲ್ಲಬೇ" ಎಂದ.

"ಮೈಲಿಗಿ ಅಲ್ಲೋ, ವಿಷ."

"ಗಂಗವ್ವನ ಮುಂದ ಯಾವ ವಿಷ ನಿಂದ್ರತೈತಿ?" ಎಂದು ಅದೇ ನೀರನ್ನು ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡ, ಮತ್ತೆ ತೊಳೆಯತೊಡಗಿದ. ಇಂಥವರಿಗೆ ವಿಷ ಮಾರುವುದು ಮಂಗನಿಗೆ ಕಳ್ಳು ಕುಡಿಸಿದಂತೆ. ಕುಡಿಸುವವನೇ ನನ್ನ ತಮ್ಮ.

ನಾವು ಮಡುವಿಗೆ ದೇವರಷ್ಟು ಮರ್ಯಾದೆ ಕೊಡುತ್ತೇವೆ. ಚಪ್ಪಲಿ ಬಿಟ್ಟು ಇಳಿಯುತ್ತೇವೆ. ನೀವು ಅದರ ಅರ್ಧ ಮರ್ಯಾದೆ ಕೊಟ್ಟರೂ ಮೀನು ಬದುಕುತ್ತವೆ. ಇದಾಗುವವರೆಗೆ ನಿನ್ನ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ.

ಸಿದ್ದವ್ವ


ಬಸವನ ಬಾಗೇವಾಡಿ
೨೦ ಸೆಪ್ಟೆಂಬರ್ ೧೯೭೭

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಈ ಸಲ ಒಬ್ಬನೇ ಓದಿದೆ. ಆಮೇಲೆ ಲಕ್ಕವ್ವನೂ ಓದಿದಳು. ಹೊಸ್ತಿಲಿನ ಮಾತು ಓದಿ ಅವಳು ಎರಡು ದಿನ ನನಗೆ ಊಟಕ್ಕೆ ನೀಡಿದಳೇ ಹೊರತು ಮಾತಾಡಲಿಲ್ಲ. ಗಂಡಸಿನ ಮನೆಯಲ್ಲಿ ಗಂಡಸಿಗೇ ಪಕ್ಷ ಇಲ್ಲದಂತಾಗಿದೆ.

ಆಗಲಿ. ಹಿರಿಯಳು ನೀನು, ಗೆದ್ದೆ. ದಂಡೆಯ ಹತ್ತಿ ಬೆಳೆಗಾರರನ್ನೆಲ್ಲ ಅಂಗಡಿಗೆ ಕರೆಸಿ, ಬಸವಣ್ಣನ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದೆ. ಮಹಾನವಮಿಯವರೆಗೆ ಮೇಲಿನ ಹೊಳೆಯಲ್ಲಿ ಯಾರೂ ಪಂಪು ತೊಳೆಯುವುದಿಲ್ಲ. ಪಂಪುಗಳನ್ನೆಲ್ಲ ತರಿಸಿ ನನ್ನ ಗೋದಾಮಿನಲ್ಲಿ ಇಡಿಸಿದ್ದೇನೆ. ಎಣ್ಣೆ ಹೊಡೆಯುವ ದಿನ ಒಯ್ಯುತ್ತಾರೆ, ಹೊಡೆದು ಹಾಗೆಯೇ ತಂದಿಡುತ್ತಾರೆ. ತೊಳೆಯದ ಪಂಪಿನ ನಾತಕ್ಕೆ ಅಂಗಡಿಯಲ್ಲಿ ಕೂರಲಾಗುವುದಿಲ್ಲ. ಇದೆಲ್ಲ ನಿನಗಾಗಿ.

ನಿನ್ನ ಕಾಗದದಲ್ಲಿ ಒಂದು ಮಾತು ನನಗೆ ನಾಟಿತು. ಇಷ್ಟು ದಿನ ನಾನು ನಿನ್ನ ಮಡುವಿಗೆ ಮರ್ಯಾದೆ ಕೊಡಲಿಲ್ಲ, ಹೌದು. ಹೇಗೆ ಕೊಡಬೇಕು ಎಂದು ಈಗ ಹೊಳೆದಿದೆ. ಏನೆಂದು ಬರೆಯುವುದಿಲ್ಲ. ಹಬ್ಬಕ್ಕೆ ನಿನಗೇ ಗೊತ್ತಾಗುತ್ತದೆ.

ನಿನ್ನ ಶ್ರೀಶೈಲ


ಹಿರೇಮಡು
೧೨ ಅಕ್ಟೋಬರ್ ೧೯೭೭

ಶ್ರೀಶೈಲಪ್ಪ,

ನೀನು ಆಣೆ ಮಾಡಿಸಿದೆ ಎಂದಾಗ ನಾನು ನಂಬಲಿಲ್ಲ. ಅಂಗಡಿಯವನ ಆಣೆ ಎಂದರೆ ತಕ್ಕಡಿ ತಟ್ಟೆಯ ಕೆಳಗೆ ಹಚ್ಚಿದ ಹುಣಸೆಹಣ್ಣು ಎಂದುಕೊಂಡಿದ್ದೆ. ಆದರೆ ನೀರು ತಿಳಿಯಾಗಿದೆ. ಸತ್ತ ಮೀನು ಒಂದೂ ಬಂದಿಲ್ಲ. ಮೀಸೆಯ ದೊಡ್ಡ ಮೀನು ಸಂಜೆ ಮೇಲೆ ಬಂದು ಬಾಯಿ ತೆರೆಯುತ್ತದೆ, ನಾನು ಹಿಟ್ಟಿನ ಉಂಡೆ ಹಾಕುತ್ತೇನೆ. ಇಮಾಮಬಿ ನಿನ್ನೆ ನೀರಿಗೆ ಬಂದಾಗ "ಅಕ್ಕಾರ, ನಿಮ್ಮ ತಮ್ಮಗ ದೇವರು ಚಲೋ ಬುದ್ಧಿ ಕೊಟ್ಟಾನ್ರಿ" ಎಂದಳು. ಕೊಟ್ಟದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾನೋ ನೋಡೋಣ ಎಂದೆ. ಆದರೂ ಯಾಕೂಬಸಾಬನ ಹೆಂಡತಿಯ ಬಾಯಲ್ಲಿ ಅದನ್ನು ಕೇಳಿ ನನಗೆ ಸಂತೋಷವಾಯಿತು.

ಹಬ್ಬಕ್ಕೆ ಜೀಪು ಗೀಪು ಕಳಿಸಬೇಡ. ನನಗೆ ಬೇರೆ ಕೆಲಸವಿದೆ.

ಸಿದ್ದವ್ವ


ಹಿರೇಮಡು, ನಿನ್ನ ಮನೆಯ ಕಟ್ಟೆ
೨೦ ಅಕ್ಟೋಬರ್ ೧೯೭೭, ಮಹಾನವಮಿ

ಅಕ್ಕ,

ಎಂಥ ಹೆಣ್ಣು ನೀನು! ಬೇರೆ ಕೆಲಸವಿದೆ ಎಂದು ಬರೆದು ಮುಂಜಾನೆಯ ಬಸ್ಸಿಗೆ ನನ್ನ ಮನೆಗೇ ಹೊರಟಿದ್ದೀಯಂತೆ. ನಾನು ಇಲ್ಲಿ, ನೀನು ಅಲ್ಲಿ. ಮಾವನವರು ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನಗೆ ತೋರಿಸಬೇಕೆಂದೇ ಮಾಡಿದ್ದು, ನೀನೇ ಇಲ್ಲ. ಅದಕ್ಕೆ ಎಲ್ಲ ಬರೆದಿಟ್ಟು ಹೋಗುತ್ತೇನೆ.

ಇಂದು ಖಂಡೆ ಪೂಜೆ. ಮನೆಯ ಕುಡುಗೋಲು ಕೊಡಲಿಗಳನ್ನೆಲ್ಲ ತೊಳೆದು ಪೂಜಿಸುವ ದಿನ. ನಮ್ಮ ಪಂಪುಗಳೂ ಈಗ ಆಯುಧಗಳೇ ಅಲ್ಲವೆ? ಮೇಲಿನ ಹೊಳೆಯಲ್ಲಿ ತೊಳೆಯುವುದಿಲ್ಲ ಎಂದು ಆಣೆ ಮಾಡಿದ್ದೆವು, ಮುರಿಯಲಿಲ್ಲ. ಎಲ್ಲ ಪಂಪು, ಎಲ್ಲ ಡಬ್ಬಿ, ಎಣ್ಣೆ ಕಲೆಸುವ ಪೀಪಾಯಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಹಲಗೆ ಬಾರಿಸಿಕೊಂಡು ನಿನ್ನ ಮಡುವಿಗೇ ತಂದೆವು. ಇಷ್ಟು ದಿನ ಕಂಡ ಕಂಡ ನೀರಿನಲ್ಲಿ ತೊಳೆದದ್ದಕ್ಕೆ ಪ್ರಾಯಶ್ಚಿತ್ತ. ದೇವರ ನೀರಿನಲ್ಲಿ ತೊಳೆದರೆ ಆಯುಧಕ್ಕೂ ಶುದ್ಧಿ, ಮಡುವಿಗೂ ಮರ್ಯಾದೆ. ಎಲ್ಲರೂ ಚಪ್ಪಲಿ ಬಿಟ್ಟೇ ಇಳಿದೆವು ಅಕ್ಕ, ನಾನು ನಿಂತು ನೋಡಿದ್ದೇನೆ.

ಮಾವನವರು "ಆಕಿ ಬರೂತನ ತಡೀರಿ" ಎಂದರು. ಹೊತ್ತು ಮೀರುತ್ತದೆ ಎಂದು ನಾನೇ ಒಪ್ಪಿಸಿದೆ. ಎಲ್ಲರ ಎದುರು ರೇಶಿಮೆ ರುಮಾಲು ಸುತ್ತಿದೆ, ಆಮೇಲೆ ಅವರು ಏನೂ ಹೇಳಲಿಲ್ಲ. ಯಾಕೂಬಸಾಬ ಬಂದು "ಬ್ಯಾಡ್ರಿ ಸಾವ್ಕಾರ್ರ, ಬ್ಯಾಡ್ರಿ" ಎಂದು ಕೈಮುಗಿದ. ಪೂಜೆಯ ಹೊತ್ತಿಗೆ ತಂಟೆ ಬೇಡ ಎಂದು ಸೋಮನಿಂಗ ಅವನನ್ನು ಆಚೆ ಕರೆದೊಯ್ದ.

ಬೂದಿ, ಹುಣಸೆಹಣ್ಣು ಹಾಕಿ ಎಲ್ಲವನ್ನೂ ತಿಕ್ಕಿದೆವು. ಡಬ್ಬಿಗಳ ತಳದಲ್ಲಿ ಉಳಿದದ್ದನ್ನೂ ಚೆಲ್ಲಿ ಹೊಸದರ ಹಾಗೆ ಹೊಳೆಯುವಂತೆ ಮಾಡಿದೆವು. ವಿಭೂತಿ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಕಾಯಿ ಒಡೆದೆವು. ಆಗ ಒಂದು ಸೋಜಿಗ ನಡೆಯಿತು. ಮಡುವಿನ ಮೀನೆಲ್ಲ ಒಮ್ಮೆಗೇ ಮೇಲೆ ಬಂದವು. ಇಷ್ಟು ಮೀನು ಇದರಲ್ಲಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ನೀರಿನಿಂದ ಬಾಯಿ ಹೊರಗಿಟ್ಟು ನಮ್ಮನ್ನೇ ನೋಡಿದವು, ಕೆಲವು ಜಿಗಿದು ದಂಡೆಗೆ ಬಂದವು. ದೇವರು ಪೂಜೆ ಒಪ್ಪಿಕೊಂಡ ಎಂದು ಎಲ್ಲರೂ ಕೈಮುಗಿದರು. ನನ್ನ ಕಣ್ಣಲ್ಲಿ ನೀರು ಬಂತು. ನಿನ್ನ ಸಿಟ್ಟು ನಿಜವಾಗಿಯೂ ಯಾತಕ್ಕಾಗಿ ಇತ್ತು ಎಂದು ಆಗ ತಿಳಿಯಿತು.

ಕತ್ತಲಾಗುವ ಮುಂಚೆ ಹೊರಡುತ್ತೇವೆ. ನೀನು ಅಲ್ಲಿಯೇ ಇರು, ನಾಳೆ ಬನ್ನಿ ಕೊಟ್ಟು ಬಂಗಾರದಂತೆ ಇರೋಣ.

ನಿನ್ನ ಶ್ರೀಶೈಲ


ಹಿರೇಮಡು
೨೪ ಅಕ್ಟೋಬರ್ ೧೯೭೭

ಶ್ರೀಶೈಲಪ್ಪ,

ಆ ದಿನ ನಿನ್ನ ಮನೆಯಲ್ಲಿ ನಾನು ಲಕ್ಕವ್ವನ ಸಂಗಡ ಹೋಳಿಗೆ ಮಾಡುತ್ತಿದ್ದೆ. ನನ್ನ ತಮ್ಮ ಮಾತು ಉಳಿಸಿಕೊಂಡ ಎಂದು ಅವಳಿಗೆ ಹೇಳುತ್ತಿದ್ದೆ. ನೀನು ಬಂದು ನಗುನಗುತ್ತ ಹೇಳಿದೆ. ನಾನು ಊಟ ಬಿಟ್ಟು ಎದ್ದು ಬಂದದ್ದು ನಿನಗೆ ಆಗ ಅರ್ಥವಾಗಲಿಲ್ಲ. ಈಗ ಬರೆಯುತ್ತೇನೆ, ಓದು.

ಮೀನು ನಿಮ್ಮನ್ನು ನೋಡಲು ಮೇಲೆ ಬಂದಿರಲಿಲ್ಲ. ಉಸಿರು ಸಿಗದೆ ಬಂದವು. ನೀವು ಕೈಮುಗಿದು ನಿಂತಿರಿ.

ಮರುದಿನ ಮುಂಜಾನೆ ನಾನು ತಲುಪಿದಾಗ ಮಡು ತುಂಬ ಬಿಳಿಯ ಹೊಟ್ಟೆಗಳು. ಮೀಸೆಯ ದೊಡ್ಡ ಮೀನು ನಾನು ಹಿಟ್ಟು ಹಾಕುವ ಕಲ್ಲಿನ ಬಳಿ ಸತ್ತು ಬಿದ್ದಿತ್ತು. ಮೇಲೆ ನಿಮ್ಮ ಚೆಂಡುಹೂ ತೇಲುತ್ತಿದ್ದವು. ನನಗೆ ಅಳು ಬಂತು, ದಂಡೆಯ ಮೇಲೆ ಕೂತು ಅತ್ತೆ. ತಿಂದರೆ ಮನುಷ್ಯರೂ ಸಾಯುತ್ತಾರೆ ಎಂದು ಯಾಕೂಬಸಾಬ ಹಿಂದಿನ ಸಂಜೆಯಿಂದ ಕೋಲು ಹಿಡಿದು ಜನರನ್ನೂ ನಾಯಿಗಳನ್ನೂ ತಡೆದು ನಿಂತಿದ್ದ. ನನ್ನನ್ನು ಕಂಡು "ಅಕ್ಕಾರ, ಬಲಿ ಇಳಸ್ಲೇನ್ರಿ?" ಎಂದು ಕೇಳಿದ. ಅವನ ಅಜ್ಜನಾಗಲಿ ಅಪ್ಪನಾಗಲಿ ಅವನಾಗಲಿ ಈ ಮಡುವಿಗೆ ಎಂದೂ ಬಲೆ ಇಳಿಸಿದವರಲ್ಲ. ಹೂಂ ಎಂದೆ. ಮೊದಲ ಸಲ ಇಳಿಸಿದ್ದು ಹೆಣ ತೆಗೆಯಲು. ಅವನೂ ಇಮಾಮಬಿಯೂ ನಿನ್ನ ಮಾವನೂ ದೂರದ ಮಡ್ಡಿಯ ಒಣ ನೆಲದಲ್ಲಿ ಕುಣಿ ತೋಡಿ ಹೂತರು.

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದರು ಎನ್ನುತ್ತಾರೆ. ನಿನ್ನಂಥವನಿಗೆ ಆ ಗಾದೆಯೂ ಸಾಲದು. ನೀನು ನಮ್ಮನ್ನು ದ್ವೇಷಿಸಿದ್ದರೆ ಬದುಕುತ್ತಿದ್ದೆವು, ದ್ವೇಷಿಸುವವರು ಟ್ರ್ಯಾಕ್ಟರಿಗೆ ಎಣ್ಣೆ ಸುಟ್ಟು ಇಷ್ಟು ದೂರ ಬರುವುದಿಲ್ಲ. ಚಪ್ಪಲಿ ಬಿಟ್ಟು ಇಳಿದೆವು ಎಂದು ಬರೆದಿದ್ದೀಯ. ಚಪ್ಪಲಿ ಮೆಟ್ಟಿಕೊಂಡೇ ಬಂದು, ಆ ಡಬ್ಬಿಗಳನ್ನು ಮನೆಯಲ್ಲಿ ಬಿಟ್ಟಿದ್ದರೆ ನಾನೇ ನಿನ್ನ ಚಪ್ಪಲಿಯ ಧೂಳು ಒರೆಸುತ್ತಿದ್ದೆ.

ಸಿದ್ದವ್ವ


ಬಸವನ ಬಾಗೇವಾಡಿ
೮ ನವೆಂಬರ್ ೧೯೭೭

ಅಕ್ಕನಿಗೆ,

ಆಗಬಾರದ್ದು ಆಗಿಹೋಯಿತು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದು ದೇವರಿಗೆ ಗೊತ್ತು. ಕೊಲ್ಹಾರದಲ್ಲಿ ಕೃಷ್ಣೆಯ ಮೀನು ಜೀವಂತ ಸಿಗುತ್ತವೆ. ಪೀಪಾಯಿಗಳಲ್ಲಿ ನೀರು ತುಂಬಿಸಿ ಕಳಿಸುತ್ತೇನೆ, ಮಡುವಿಗೆ ಬಿಡಿಸು. ಮೊದಲಿನ ಹಾಗೆ ಆಗುತ್ತದೆ. ಇನ್ನು ಸಿಟ್ಟು ಬಿಡು.

ಶ್ರೀಶೈಲ


ಹಿರೇಮಡು
೧೭ ನವೆಂಬರ್ ೧೯೭೭

ಶ್ರೀಶೈಲಪ್ಪ,

ನಿನ್ನ ಪೀಪಾಯಿ ಬಂತು. ಮೂಗಿಗೆ ಹಿಡಿದ ಕೂಡಲೇ ತಿಳಿಯಿತು, ಅದು ಎಣ್ಣೆ ಕಲೆಸುವ ಪೀಪಾಯಿ. ಕೊಲ್ಹಾರದ ಮೀನು ಹಾದಿಯಲ್ಲೇ ಸತ್ತಿದ್ದವು. ನಿನ್ನ ಕೈಯಲ್ಲಿ ಬದುಕಬೇಕಾದರೆ ಮೀನು ಎಷ್ಟು ಪುಣ್ಯ ಮಾಡಿರಬೇಕೋ ಗೊತ್ತಿಲ್ಲ.

ಪೀಪಾಯಿಯ ಸಂಗಡ ರುಮಾಲನ್ನೂ ತಿರುಗಿ ಕಳಿಸಿದ್ದೇನೆ. ನಾನು ಹೇಳಲಿಲ್ಲ, ನಿನ್ನ ಮಾವನೇ ಮಡಚಿ ಕೊಟ್ಟರು. ಆ ದಿನ ತಲೆಯ ಮೇಲೆ ಅದು ಇದ್ದುದರಿಂದಲೇ ಬಾಯಿ ಬರಲಿಲ್ಲ ಎನ್ನುತ್ತಾರೆ. ಯಾಕೂಬಸಾಬ ಹೆಂಡತಿಯನ್ನು ಕರೆದುಕೊಂಡು ಇಂಡಿ ತಾಲೂಕಿನ ಕಡೆ ನಿಂಬೆ ತೋಟದ ಕೂಲಿಗೆ ಹೋಗಿದ್ದಾನೆ. ಬಲೆಯನ್ನು ನಮ್ಮ ಅಟ್ಟದ ಮೇಲೆ ಇಟ್ಟು ಹೋದ.

ಇನ್ನು ಕಾಗದ ಬರೆಯಬೇಡ.

ಸಿದ್ದವ್ವ


ಬಸವನ ಬಾಗೇವಾಡಿ
೨೮ ಜುಲೈ ೧೯೭೮

ಅಕ್ಕ,

ಬರೆಯಬೇಡ ಎಂದಿದ್ದೆ. ಇಷ್ಟು ತಿಂಗಳು ಬರೆಯಲಿಲ್ಲ. ಬರೆದರೆ ಏನು ಬರೆಯಬೇಕೆಂದೂ ತಿಳಿದಿರಲಿಲ್ಲ.

ಎಂಡ್ರಿನ್ ಮಾರುವುದನ್ನು ಬಿಟ್ಟಿದ್ದೇನೆ. ದೊಡ್ಡ ಮಾತಲ್ಲ, ಪಕ್ಕದ ಅಂಗಡಿಯವನು ಮಾರುತ್ತಾನೆ. ಸೋಮನಿಂಗ ಈಗ ಅಲ್ಲಿಯ ಗಿರಾಕಿ. ಪಂಪು ತೊಳೆಯಲು ಹೊಳೆಯಿಂದ ದೂರ, ಮಡ್ಡಿಯ ಮೇಲೆ ನನ್ನ ಹೊಲದಲ್ಲಿ ಒಂದು ಕುಣಿ ತೋಡಿಸಿದೆ. ಎಲ್ಲರೂ ಇಲ್ಲಿಯೇ ತೊಳೆಯಿರಿ ಎಂದು ಹೇಳಲು ಕರೆದೆ. "ಸಾವ್ಕಾರ್ರು ಅಕ್ಕನ ಮೀನಿಗೆ ಅಂಜ್ಯಾರ" ಎಂದು ನಕ್ಕರು. ಅವರು ನಗುವಾಗ ನನಗೆ ನಿನ್ನ ಮೊದಲ ಕಾಗದ ಓದಿದ ದಿನ ನೆನಪಾಯಿತು, ಬಹಳ ನಾಚಿಕೆಯಾಯಿತು. ದಿನಾ ಸಂಜೆ ಹೊಳೆ ದಾಟುವ ಜಾಗದಲ್ಲಿ ಹೋಗಿ ಕೂಡುತ್ತೇನೆ. ಪಂಪು ತಂದವರನ್ನು ಬೈದು, ಕೈಕಾಲು ಹಿಡಿದು ಕುಣಿಗೆ ಕಳಿಸುತ್ತೇನೆ. ಅರ್ಧ ಜನ ಹೋಗುತ್ತಾರೆ. ಉಳಿದವರಿಗೆ ಹರಿಯುವ ನೀರಿಗೆ ಮೈಲಿಗೆ ಇಲ್ಲ. ನನ್ನ ಹೊಲದ ದಂಡೆಯ ಸಾಲುಗಳಲ್ಲಿ ಹತ್ತಿ ಕಿತ್ತು ಸಜ್ಜೆ ಹಾಕಿಸಿದ್ದೇನೆ, ಅದಕ್ಕೆ ಎಣ್ಣೆ ಬೇಕಾಗುವುದಿಲ್ಲ.

ಈ ಸಲ ಡೋಣಿ ಚೆನ್ನಾಗಿ ಹರಿದಿದೆ. ಕೃಷ್ಣೆಯಿಂದ ಮೀನು ಏರಿ ಬರುತ್ತವೆ ಎಂದು ಇಲ್ಲಿ ಮಾತಾಡುತ್ತಾರೆ. ಒಂದೇ ಕೇಳುತ್ತೇನೆ, ಮಡುವಿಗೆ ಮೀನು ಬಂದವೆ? ಒಂದು ಸಾಲು ಬರೆ. ಬಂದಿದ್ದರೆ ದೂರದಲ್ಲಿ ನಿಂತು ನೋಡಿ ಹೋಗುತ್ತೇನೆ.

ಶ್ರೀಶೈಲ


ಹಿರೇಮಡು
೬ ಆಗಸ್ಟ್ ೧೯೭೮

ತಮ್ಮ ಶ್ರೀಶೈಲಪ್ಪನಿಗೆ,

ನಿನ್ನ ಕಾಗದ ಓದಿದೆ. ನಿನ್ನ ಮಾವನಿಗೂ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಅರ್ಧ ಜನ ಎಂದು ಬರೆದಿದ್ದೀಯ. ನೀನು ಎಲ್ಲರೂ ಎಂದು ಬರೆದಿದ್ದರೆ ನಾನು ಕಾಗದವನ್ನು ಒಲೆಗೆ ಹಾಕುತ್ತಿದ್ದೆ. ಅರ್ಧ ಎಂದದ್ದಕ್ಕೆ ನಂಬಿದೆ. ಉಳಿದರ್ಧದ ಕೈಕಾಲನ್ನೂ ಹಿಡಿ. ನಿನಗೆ ನಾಚಿಕೆಯಾದದ್ದು ಒಳ್ಳೆಯದು, ಅದು ಇಷ್ಟು ಬೇಗ ಹೋಗದಿರಲಿ.

ಯಾಕೂಬಸಾಬ ಇಂಡಿಯಿಂದ ತಿರುಗಿ ಬಂದ. ಮೊನ್ನೆ ನಮ್ಮ ಅಟ್ಟದಿಂದ ಬಲೆ ಇಳಿಸಿಕೊಂಡು ಹೋದ. ಹೊಲಿಯಲಿಕ್ಕೋ, ಮಾರಲಿಕ್ಕೋ, ಬೀಸಲಿಕ್ಕೋ, ಅದನ್ನು ನಿನಗೆ ಬರೆಯುವುದಿಲ್ಲ.

ಮಡುವಿಗೆ ಮೀನು ಬಂದವೆ ಎಂದು ಕೇಳಿದ್ದೀಯ. ಅದನ್ನೂ ಹೇಳುವುದಿಲ್ಲ. ಹೇಳಿದರೆ ನಿನಗೆ ಸಂತೋಷವಾಗುತ್ತದೆ, ಸಂತೋಷವಾದರೆ ನೀನು ಓಡಿ ಬರುತ್ತೀಯ, ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ನಿನ್ನ ಸಂತೋಷವನ್ನು ಇನ್ನೊಮ್ಮೆ ತಾಳುವಷ್ಟು ನೀರು ಈ ಹೊಳೆಯಲ್ಲಿ ಇಲ್ಲ. ಬಂದಿಲ್ಲ ಎಂದೇ ತಿಳಿದುಕೊ. ತಿಳಿದುಕೊಂಡು ಸಂಜೆಗೆ ಆ ದಾಟುವ ಜಾಗಕ್ಕೆ ಹೋಗಿ ಕೂಡು.

ಸಿದ್ದವ್ವ